ಚಹಾಕ್ಕೆ ಹೋದವರ ಉಪಕಾರ

ಬ್ಯಾಡಗಿ, ೨೧೮೪ರ ಫೆಬ್ರುವರಿ ಮೂವತ್ತು

ಡಾಕ್ಟರ್ ಹಸೀನಾ ಮುಲ್ಲಾ ಬಾಯಿಯವರಿಗೆ ಮೆಣಸಿನಕಾಯಿ ವ್ಯಾಪಾರಿ ಚನ್ನವೀರಪ್ಪ ಹಲಗೇರಿಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮಗಿಂತ ಒಂದೂವರೆ ಶತಮಾನ ಮುಂದಿರುವ ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳನ್ನು ಯಾರ ಬಾಡಿಗೆಗೂ ಸೇರದಂತೆ ವರ್ಷದ ಕೊನೆಗೆ ಇಟ್ಟಿದ್ದೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಅರ್ಧ ತಪ್ಪು ಕಾಲದ್ದು, ಅರ್ಧ ನನ್ನ ಮಿದುಳಿನದು. ಹೋದ ಸುಗ್ಗಿಯಲ್ಲಿ ಅದರೊಳಗೆ ರಕ್ತ ಹೆಪ್ಪುಗಟ್ಟಿ, ಮಾತನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದವನ ಬಾಯಿಗೆ ಬೀಗ ಬಿತ್ತು.

ಮಿದುಳಿಗೆ ಪೆಟ್ಟು ಬಿದ್ದವರು ಮತ್ತೆ ಯೋಚಿಸಲು, ನೆನೆಯಲು, ಹೆಸರಿಸಲು ಕಲಿಯುವುದು ಹೇಗೆಂದು ನೀವು ಅರ್ಧ ಆಯುಷ್ಯ ಹುಡುಕಿದಿರಿ. ಈಗ ದೊಡ್ಡ ಪ್ರಯೋಗವೇ ಕೆಟ್ಟಿತೆಂದು ಕೈಚೆಲ್ಲಿ ಕೂತಿದ್ದೀರಿ: ರೋಗಿಗೆ ಚಿತ್ರ ತೋರಿಸಿ ಹೆಸರು ಕೇಳಿದರೆ, ಪಕ್ಕದಲ್ಲಿದ್ದ ಮನೆಯವರೇ ಉತ್ತರ ಹೇಳಿಬಿಟ್ಟಿದ್ದಾರೆ. ಆ ವಿಡಿಯೋಗಳನ್ನು ಅಳಿಸಬೇಕೆಂದಿದ್ದೀರಿ. ಅಳಿಸಲಿಲ್ಲ ಎಂಬುದು ನಮಗೆ ಗೊತ್ತು. ಆದರೂ ವ್ಯಾಪಾರಿ ನೋಡಿ, ಖಾತ್ರಿ ಮಾಡಿಕೊಳ್ಳದೆ ಬಿಡುವುದಿಲ್ಲ.

ಮನೆಯವರು ಚಹಾ ಕುಡಿಯಲು ಹೊರಗೆ ಹೋದ ತುಣುಕುಗಳನ್ನಷ್ಟೇ ನೋಡಿ. ಅಲ್ಲಿ ರೋಗಿ ತಡವರಿಸುತ್ತಾನೆ, ತಪ್ಪುತ್ತಾನೆ, ಆಮೇಲೆ ತಾನೇ ಹೇಳುತ್ತಾನೆ. ನೀವು ಕೆಟ್ಟ ಮಾಲೆಂದು ಬದಿಗಿಟ್ಟದ್ದರಲ್ಲೇ ಬಂಗಾರವಿದೆ. ನಮ್ಮಲ್ಲಿ ಅದಕ್ಕೆ ಚಹಾಬಿಡುವು ಎಂದು ಹೆಸರು. ಮಾತು ಹುಡುಕುವವನು ತನ್ನ ಮುಂದೆ ಚಹಾದ ಕಪ್ಪನ್ನು ಬೋರಲು ಹಾಕಿದರೆ ಸಾಕು, ಕೋರ್ಟಿನಲ್ಲಾಗಲಿ ಬಸ್ಸಿನಲ್ಲಾಗಲಿ ಯಾರೂ ಅವನ ವಾಕ್ಯ ಮುಗಿಸಿಕೊಡುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲೂ ಅದೇ ರೂಢಿ. ಕಾಯಿಯ ಬಣ್ಣ, ಘಾಟು ಅಳೆಯಲು ಮೂಗುಪೆಟ್ಟಿಗೆಯೆಂಬ ಯಂತ್ರವಿದೆ. ಹರಾಜಿನ ಬೆಲೆ ಮಾತ್ರ ಬಾಯಿಂದಲೇ ಕೂಗಬೇಕು. ಅದನ್ನೂ ಯಂತ್ರಗಳಿಗೆ ಬಿಟ್ಟಾಗ ಅವು ತಮ್ಮತಮ್ಮಲ್ಲೇ ಒಳಒಪ್ಪಂದ ಮಾಡಿಕೊಂಡವು. ನಮ್ಮಿಂದ ಕಲಿತ ಬುದ್ಧಿ.

ನನ್ನ ಚಿಕಿತ್ಸೆಯ ಮೊದಲ ದಿನ ಮಾತು ಕಲಿಸುವ ಹುಡುಗಿ ನನ್ನ ಅಂಗೈಯಲ್ಲಿ ಒಂದು ಕೆಂಪು ಕಾಯಿ ಇಟ್ಟು ಹೆಸರು ಕೇಳಿದಳು. ಘಾಟು ಮೂಗಿಗೆ ಹತ್ತಿತು, ಹೆಸರು ಹತ್ತಲಿಲ್ಲ.

ಹೆಂಡತಿ ನೀಲಗಂಗಾಗೆ ತಡೆಯಲಾಗಲಿಲ್ಲ. “ಮೆಣಸಿನಕಾಯಿ ಅನ್ನಾಕ ಬರವಲ್ದೇನ್ರೀ? ಅದರಾಗ ಮನಿ ಕಟ್ಟೀರಿ.”

“ಅಕ್ಕಾರ, ನೀವು ಹೋಗಿ ಚಹಾ ಕುಡದು ಬರ್ರಿ,” ಎಂದಳು ಹುಡುಗಿ.

“ನನಗ ಚಹಾ ಸೇರೂದಿಲ್ಲವ್ವ.”

“ಹಂಗಾರ ಹೊರಗ ಸುಮ್ನ ನಿಂದರ್ರಿ.”

ನೀಲಗಂಗಾ ಬಾಗಿಲಾಚೆ ಹೋದಳು. ಹುಡುಗಿ ಕಾದಳು, ಹುಬ್ಬು ಸಹ ಅಲುಗಿಸಲಿಲ್ಲ. ಬದನೆಕಾಯಿ ಎಂದೆ, ತಲೆಯಾಡಿಸಿದೆ, ಬೆವರಿದೆ. ಕಡೆಗೆ ಬಂತು. ಒಳಗೆ ಬಂದ ಹೆಂಡತಿಗೆ ಕಾಯಿ ಎತ್ತಿ ತೋರಿಸಿ ಮೆಣಸಿನಕಾಯಿ ಎಂದರೆ, ಅವಳು ಕಣ್ಣೊರೆಸಿಕೊಳ್ಳುತ್ತ, “ಅದನ್ನ ನಾ ಆಗಲೇ ಹೇಳಿದ್ನಲ್ಲ,” ಎಂದಳು.

ತಾಯಿ, ನಾಳೆ ನನ್ನ ಹರಾಜು. ತಾನೇ ಬೆಲೆ ಕೂಗಲಾರದವನ ವ್ಯಾಪಾರದ ಕಟ್ಟೆ ಸುಗ್ಗಿ ಮುಗಿಯುವಾಗ ಇನ್ನೊಬ್ಬನ ಪಾಲಾಗುತ್ತದೆ, ನಾಳೆಯದೇ ಈ ಸುಗ್ಗಿಯ ಕಡೆಯ ಹರಾಜು. ಉಮೇದು ಮಾತ್ರ ಕುಂದಿಲ್ಲ. ಮಾತುಗಳು ಒಳಗೆ ಗಾಡಿ ಕಟ್ಟಿ ನಿಂತಿವೆ, ದಾರಿ ಬಿಟ್ಟರೆ ಸಾಕು. ಆ ದಾರಿ ನಿಮ್ಮ ಹಾಳು ವಿಡಿಯೋಗಳಲ್ಲಿದೆ. ದಯಮಾಡಿ ಅಳಿಸಬೇಡಿ; ಇನ್ನೊಮ್ಮೆ ಕೂತು ನೋಡಿ.

ಬೆಳಿಗ್ಗೆ ಕಪ್ಪು ಬೋರಲು ಹಾಕಿ ನಿಲ್ಲುತ್ತೇನೆ. ಪಕ್ಕದಲ್ಲಿ ನೀಲಗಂಗಾ ಇರುತ್ತಾಳೆ. ನಾನು ಬೆಲೆ ಹುಡುಕುವಾಗ ತನ್ನ ಬಾಯಿ ತನ್ನ ಮಾತು ಕೇಳುವುದಿಲ್ಲವೆಂದು ಅವಳಿಗೇ ಗೊತ್ತು. ಅದಕ್ಕೇ, ಆ ಹೊತ್ತಿಗೆ ಎದ್ದು ಹೋಗಲೆಂದು, ಈಗ ಒಲೆಯ ಮುಂದೆ ಕೂತು, ಮುಖ ಹಿಂಡಿಕೊಂಡು, ಚಹಾ ಕುಡಿಯುವುದನ್ನು ಕಲಿಯುತ್ತಿದ್ದಾಳೆ.