ಕುತ್ತಿಗೆಯ ಅಳತೆ

ಮನೆಯಿಂದ,
ಸೋಮವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪಾಪು,

ಹೇಗಿದ್ದೀಯಮ್ಮ? ಪಾಪು ಎಂದು ಕರೆಯಬೇಡ ಎಂದು ನೀನು ಎಷ್ಟು ಸಲ ಹೇಳಿದರೂ ನನ್ನ ಕೈ ಬೇರೇನನ್ನೂ ಬರೆಯಲು ಒಪ್ಪಲಿಲ್ಲ. ಇಪ್ಪತ್ತನಾಲ್ಕು ವರ್ಷದ ಅಭ್ಯಾಸ. ಎಡಭುಜದ ನೋವು ಈಗ ಹೇಗಿದೆ? ಪುಸ್ತಕ ಕಟ್ಟುವ ಕೆಲಸದಲ್ಲಿ ದಿನವಿಡೀ ಬಗ್ಗಿಯೇ ಕೂರಬೇಕಂತೆ, ಅಮ್ಮ ಹೇಳಿದಳು. ನೀನು ಅವಳಿಗೆ ಫೋನ್ ಮಾಡಿದಾಗ ನಾನು ಹೊಲಿಗೆ ಯಂತ್ರ ನಿಲ್ಲಿಸಿಬಿಡುತ್ತೇನೆ. ಕದ್ದು ಕೇಳಲಿಕ್ಕಲ್ಲ, ಸದ್ದಿನಿಂದ ನಿಮಗೆ ತೊಂದರೆಯಾಗಬಾರದೆಂದು. ಹೋಗಲಿ ಬಿಡು, ಕದ್ದೇ ಕೇಳುತ್ತೇನೆ. ಇಲ್ಲಿ ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮ ಲ್ಯಾಬಿನಲ್ಲಿ ದಿನಕ್ಕೆ ನೂರು ಜನರ ರಕ್ತ ತೆಗೆದು, ಮನೆಗೆ ಬಂದು ನನ್ನ ರಕ್ತ ಹೀರುತ್ತಾಳೆ. ಈ ತಮಾಷೆ ಹಳೆಯದು, ಗೊತ್ತು.

ಈಗ ಸುದ್ದಿಗೆ ಬರುತ್ತೇನೆ. ಐವತ್ತೈದು ದಾಟಿದವರಿಗೆಂದು ನಿಮ್ಮ ಹಳೆಯ ಕ್ಲಬ್ಬಿನವರು ಕೆರೆಯಲ್ಲಿ ಒಂದು ಕಿಲೋಮೀಟರಿನ ಈಜು ಸ್ಪರ್ಧೆ ಇಟ್ಟಿದ್ದರು. ನಾನೂ ಹೆಸರು ಕೊಟ್ಟೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರ ಹತ್ತಿರ ಹೇಳಿಕೊಂಡೆ. ಒಳಗಿನ ಲೆಕ್ಕಾಚಾರ ಬೇರೆಯೇ ಇತ್ತು. ಅಪ್ಪ ಈ ವಯಸ್ಸಿನಲ್ಲಿ ನೀರಿಗಿಳಿದ ಫೋಟೋ ನಿನಗೆ ತಲುಪಬೇಕು, ನಿನಗೆ ನಾಚಿಕೆಯಾಗಬೇಕು, ಎರಡು ವರ್ಷದ ಹಿಂದೆ ಬಿಟ್ಟ ಈಜಿಗೆ ನೀನು ಮರಳಬೇಕು. ಅದಕ್ಕಾಗಿ ಕ್ಲಬ್ಬಿನಿಂದ ಒಂದು ಹಳೆಯ ವೆಟ್‌ಸೂಟ್, ಅದೇ ಮೈಗಂಟುವ ಆ ರಬ್ಬರಿನ ಈಜುಡುಪು, ಕೇಳಿ ತಂದೆ. ಎಂಟು ವರ್ಷ ನಿನಗೆ ಅಂಥದ್ದನ್ನು ಹಾಕಿಸಿದವನು ನಾನು. ಆದರೆ ಒಂದು ದಿನವೂ ನನ್ನ ಕಾಲನ್ನು ಅದರೊಳಗೆ ಇಟ್ಟು ನೋಡಿದವನಲ್ಲ.

ಕಳೆದ ಗುರುವಾರ ಅಮ್ಮ ಕೆಲಸಕ್ಕೆ ಹೋದ ಮೇಲೆ ನಿನ್ನ ಕೋಣೆಯಲ್ಲಿ ಹಾಕಿಕೊಳ್ಳಲು ಕೂತೆ. ನಿನಗೆ ಹೇಳುತ್ತಿದ್ದುದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಉಗುರು ಕತ್ತರಿಸಿಕೊಂಡೆ. ಪಾದ ಜಾರಲೆಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡೆ. ಕುತ್ತಿಗೆಗೂ ಕಂಕುಳಿಗೂ ಮುಲಾಮು ಬಳಿದುಕೊಂಡೆ. ಎಳೆಯಬಾರದು, ಬೆರಳ ತುದಿಯಲ್ಲಿ ಚೂರು ಚೂರೇ ಮೇಲಕ್ಕೆ ಸರಿಸಬೇಕು, ತೊಡೆಯ ಹತ್ತಿರ ಸಡಿಲ ಉಳಿದರೆ ಭುಜ ಜಗ್ಗುತ್ತದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ನಾನು! ಮಂಡಿ ದಾಟಿಸುವುದರೊಳಗೆ ಬೆವರು ಕಿತ್ತುಕೊಂಡು ಬಂತು. ಸೊಂಟಕ್ಕೆ ಏರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬೆನ್ನ ಹಿಂದಿನ ದಾರ ಹಿಡಿದು ಜಿಪ್ಪನ್ನು ಮೇಲಕ್ಕೆಳೆದೆ. ಅದು ಏರಿತು, ಕುತ್ತಿಗೆ ಬಿಗಿಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಥೇಟ್ ನೀರಾನೆ.

ನಗು ನಿಲ್ಲುವ ಮೊದಲೇ ಉಸಿರು ಸಾಲದಾಯಿತು. ಎದೆಯ ಮೇಲೆ ಯಾರೋ ಕೂತ ಹಾಗೆ. ಬಿಚ್ಚೋಣವೆಂದು ದಾರವನ್ನು ಕೆಳಕ್ಕೆ ಜಗ್ಗಿದೆ. ಒಳಗಿನ ಪಟ್ಟಿ ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಜಗ್ಗಿದೆ, ದಾರ ಕಿತ್ತು ಕೈಗೆ ಬಂತು. ನಲವತ್ತು ವರ್ಷ ಊರಿನವರಿಗೆಲ್ಲ ಜಿಪ್ಪು ಹೊಲಿದುಕೊಟ್ಟ ದರ್ಜಿ ನಾನು, ನನ್ನ ಬೆನ್ನಿನದೇ ಒಂದು ಜಿಪ್ಪು ನನಗೆ ಎಟುಕಲಿಲ್ಲ. ಮೊಣಕೈ ಮಡಚಲಾಗದು, ಸರಿಯಾಗಿ ಕೂರಲಾಗದು. ಪಕ್ಕದ ಮನೆಯ ಮೇಷ್ಟ್ರನ್ನು ಕರೆಯೋಣವೆಂದು ಬಾಗಿಲವರೆಗೆ ಹೋದೆ. ಚಿಲಕಕ್ಕೆ ಕೈ ಹಾಕಿದವನು ಈ ವೇಷದಲ್ಲಿ ಹೇಗೆ ಎಂದು ಮರಳಿ ಬಂದು ನೆಲದ ಮೇಲೆ ಅಂಗಾತ ಮಲಗಿದೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮುಖಕ್ಕೆ ಮಾತ್ರ ತಾಗುತ್ತಿತ್ತು. ಒಳಗೆ ಬೆವರು ಹರಿದು ಕಾಲ ಹತ್ತಿರ ನಿಂತಿತು. ಬೆರಳು ಜೋಮು ಹಿಡಿಯಿತು. ಇನ್ನು ಐದು ನಿಮಿಷ, ಇನ್ನು ಐದು ನಿಮಿಷ ಎಂದುಕೊಳ್ಳುತ್ತ ಎರಡು ಗಂಟೆ ಕಳೆದೆ.

ಆಗ ನೀನು ನೆನಪಾದೆ ಪಾಪು. ಹದಿನಾಲ್ಕು ವರ್ಷದವಳು, ಕೆರೆಯ ದಂಡೆಯಲ್ಲಿ ನಿಂತು "ಅಪ್ಪಾ, ಕುತ್ತಿಗೆ ಹಿಡೀತಿದೆ, ನಂಗೆ ಬೇಡ" ಅಂದಿದ್ದೆ. ಅಳತೆ ತೆಗೆದವನು ನಾನೇ, ಎರಡು ಬೆರಳು ಜಾಗ ಬಿಟ್ಟಿದ್ದೇನೆ ಎಂಬ ಜಂಬ ನನಗೆ. "ಅದೆಲ್ಲಾ ನಿನ್ನ ತಲೇಲಿರೋದು, ನೀರಿಗಿಳಿದ್ರೆ ಸರಿಹೋಗತ್ತೆ" ಎಂದು ಜಿಪ್ಪು ಎಳೆದು ಮೇಲಿನ ಪಟ್ಟಿ ಒತ್ತಿಬಿಟ್ಟೆ. ಹಿಂದೆ ನಿಂತಿದ್ದೆನಲ್ಲ, ನಿನ್ನ ಮುಖ ನೋಡಲಿಲ್ಲ. ಆ ದಿನ ನೀನು ನಾಲ್ಕನೆಯವಳಾಗಿ ಬಂದೆ. ದಾರಿಯುದ್ದಕ್ಕೂ ನಾನು ಮೂರನೆಯವಳ ಬಗ್ಗೆಯೇ ಮಾತನಾಡಿದೆ.

ಅಮ್ಮ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. "ಉಸಿರು ಕಟ್ತಿದೆ ಕಣೇ, ಬೇಗ ಬಿಚ್ಚು" ಅಂದೆ. ಅವಳು ಚೀಲ ಇಳಿಸಿ, ಒಂದು ಲೋಟ ನೀರು ಕುಡಿದು, ನಿನ್ನ ಮಂಚದ ಮೇಲೆ ಕೂತಳು. "ಸ್ವಲ್ಪ ಹೊತ್ತು ಹಾಗೇ ಇರಿ" ಅಂದಳು. ಎಷ್ಟು ಹೊತ್ತೆಂದು ಹೇಳಲಾರೆ. ಆಮೇಲೆ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ಜಿಪ್ಪು ಇಳಿಸಿದಳು. ಕುತ್ತಿಗೆಯ ಸುತ್ತ ಎದ್ದ ಕೆಂಪು ಬರೆಗೆ ಅವಳೇ ಎಣ್ಣೆ ಹಚ್ಚಿದಳು.

ನಿನ್ನೆ ಸ್ಪರ್ಧೆ. ಹೆಸರು ಕೊಟ್ಟಾಗಿದೆಯಲ್ಲ ಎಂಬ ಮೊಂಡುತನಕ್ಕೆ ಹೋದೆ, ವೆಟ್‌ಸೂಟ್ ಬಿಟ್ಟು ಬರೀ ಚಡ್ಡಿಯಲ್ಲಿ ಇಳಿದೆ. ತಣ್ಣನೆಯ ನೀರು ಎದೆಯ ಮಟ್ಟಕ್ಕೆ ಬರುತ್ತಲೇ ಮತ್ತೆ ಅದೇ ಹಿಡಿತ. ಅಕ್ಕಪಕ್ಕದವರೆಲ್ಲ ಮುಂದೆ ಹೋದರು, ನಾನು ಅಲ್ಲೇ ನಿಂತೆ. ಸೀಟಿ ಊದುವವನು "ಏನಾಯ್ತು ಯಜಮಾನ್ರೇ?" ಎಂದು ಕೂಗಿದ. "ಹೆದರಿಕೆ ಆಗ್ತಿದೆ" ಅಂದೆ. ನಮ್ಮ ಮನೆಯಲ್ಲಿ ಆ ಮಾತನ್ನು ಆಡಲು ನಾನು ಯಾರಿಗೂ ಬಿಟ್ಟಿರಲಿಲ್ಲ. ಅವನು ಕೈ ಹಿಡಿದು ದಂಡೆಗೆ ಕರೆತಂದ. ಯಾರೂ ಬೈಯಲಿಲ್ಲ. ಯಾರೋ ಒಂದು ಟವೆಲ್ ಕೊಟ್ಟರು, ಅಷ್ಟೇ.

ಮಳೆ ಬಿಸಿಲು ನೋಡಿಕೊಂಡು ಓಡಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿದ್ದರೂ ನಿರಾಳವಾಗಿರು ತಾಯಿ, ಈ ಮುದುಕನ ಹಾರೈಕೆ ಅದೊಂದೇ. ಅಮ್ಮ ಬೇರೆ ಪತ್ರ ಬರೆಯುತ್ತಾಳಂತೆ.

ನಿನ್ನ
ಅಪ್ಪ

ಮರೆತೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಬರುವ ವರ್ಷದ ದೊಡ್ಡ ಸ್ಪರ್ಧೆಗೆ ಎರಡು ತಿಂಗಳ ಹಿಂದೆಯೇ ನಿನ್ನ ಹೆಸರು ಕಳಿಸಿದ್ದೆ, ನಿನ್ನ ಸಹಿಯನ್ನು ನಾನೇ ಹಾಕಿ. ಈ ಬೆಳಿಗ್ಗೆ ತೆಗೆಸಲು ಹೋದರೆ, ಈಜುವವರೇ ಬರೆದುಕೊಡಬೇಕು ಅಂದರು. ಹೆಸರು ತೆಗೆಸುವ ಅರ್ಜಿ ಇದರ ಜೊತೆಗಿದೆ, ಮೂವತ್ತನೇ ತಾರೀಖು ಕೊನೆ. ಇದಕ್ಕೂ ನಿನ್ನ ಸಹಿ ಹಾಕುವುದು ನನಗೇನೂ ಕಷ್ಟವಿರಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡೂ ಇದ್ದೆ. ಹಾಕಲಿಲ್ಲ ಪಾಪು. ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ.