ಜೀಪಿನ ಮೇಲಿನ ಪೋಸ್ಟರ್

ರೀ, ಬಿಕ್ಕೋಡು ಆಸ್ಪತ್ರೆಗೆ ಡ್ಯೂಟಿಗೆ ಹೊರಟೆ. ಸಾರು ಬಿಸಿ ಮಾಡಿಕೊಳ್ಳಿ. ಕಾಯಿಸಿ ಆರಿಸಿದ ನೀರು ಕೂಜೆಯಲ್ಲಿದೆ, ನಲ್ಲಿಗೆ ಬಾಯಿ ಕೊಡಬೇಡಿ.

ನಿಮ್ಮ ಟೆಂಟ್ ಸಿನಿಮಾ ಜೀಪನ್ನು ಆಸ್ಪತ್ರೆ ಪ್ರಚಾರಕ್ಕೆ ಕೊಡುವಾಗ ಪೋಸ್ಟರ್ ಕಿತ್ತು ಕೊಡಿ ಅಂತ ಎಷ್ಟು ಬಡ್ಕೊಂಡೆ! ಕೇಳಿದ್ರಾ? ವಾಂತಿಭೇದಿ ಹರಡ್ತಿದೆ, ನೀರು ಕಾಯಿಸಿ ಕುಡೀರಿ ಅಂತ ನಾನು ಮೈಕಲ್ಲಿ ಕೂಗಿದರೆ, ಎಸ್ಟೇಟಿನ ತಮಿಳು ಕೂಲಿಯವರು ಸಿನಿಮಾ ಅಂದುಕೊಂಡು ಮಕ್ಕಳನ್ನು ಎತ್ತಿಕೊಂಡು ಓಡಿ ಬಂದರು. ಕೊನೆಗೆ ಅವರಲ್ಲೇ ಒಬ್ಬಳು, ಸೆಲ್ವಿ, ಮೈಕ್ ಹಿಡಿದು ತಮಿಳಲ್ಲಿ ಹೇಳಿದ ಮೇಲೇ ಮನೆಮನೆಯಲ್ಲೂ ನೀರು ಕುದಿಯಿತು.

ನಿನ್ನೆ ಹೊಸದಾಗಿ ಯಾರೂ ಹಾಸಿಗೆ ಹಿಡಿದಿಲ್ಲ ಕಣ್ರೀ. ಡ್ರಿಪ್ ಹಾಕಿದ್ದೆವಲ್ಲ, ಸೆಲ್ವಿಯ ಪುಟ್ಟ ಮಗಳು, ಎದ್ದು ಕೂತು "ಅಕ್ಕಾ, ಸಿನಿಮಾ ಎಪ್ಪೋ?" ಅಂದಳು. ಭಾನುವಾರ ಅಂದುಬಿಟ್ಟಿದ್ದೇನೆ.

ಪೋಸ್ಟರ್ ಇನ್ನು ಕೀಳಬೇಡಿ. ಆ ಪಿಕ್ಚರನ್ನೇ ತೋರಿಸಬೇಕು.

ಶ್ಯಾಮಲಾ