ನಾಕನೇ ರಾಡಿನ ಬೋಲ್ಟು

ಜನವರಿ 9, ಮಂಗಳವಾರ. ಮಧ್ಯಾಹ್ನ 1

ಭೀಮಲಿಂಗಪ್ಪನ ಲಾರಿ ಎಂಜಿನ್ ಪೂರಾ ಬಿಚ್ಚಿದ್ದಾತು. ಎರಡನೇ ಪಿಸ್ಟನ್ ತಲಿ ಕರಗಿ ತೂತು ಬಿದ್ದೈತಿ. ಹೋದ ತಿಂಗಳ ಬಡ್ಕೊಂಡೆ — ಸಾವ್ಕಾರ, ಡೀಸೆಲ್ ಪಂಪು ಎತ್ತಿ ಹೆಚ್ಚಿಗಿ ಎಣ್ಣಿ ಬಿಡಬ್ಯಾಡ್ರಿ, ಒಳಗಿನ ಸಾಮಾನು ತಡ್ಯಂಗಿಲ್ಲ. ಕೇಳ್ಲಿಲ್ಲ. ಬ್ಯಾರೆ ಕಡೆ ಹೋಗಿ ಎತ್ತಿಸ್ಕೊಂಡ. ಕಲ್ಲಿನ ಲೋಡು ಹೇರಿಕೊಂಡು ಆಲೂರು ಏರು ಎಲ್ಲಾರ್ಕಿಂತ ಮುಂದ ಹತ್ತಬೇಕಂತ! ಹತ್ತಿದ. ಸುಟ್ಕೊಂಡ.

ಈಗ ನನ್ನ ಹೆಸರು ಹಿಡದು, ಹಾಲೇಶ್ ಕಟ್ಟಿದ್ದು ಸರಿ ಇಲ್ಲಂತ ಆದೋನಿ ತುಂಬ ಹೇಳ್ಕೊಂಡು ತಿರಗ್ಯಾಡ್ತಾನ. ಬರ್ಲಿ ಇವತ್ತು.

ಅದ ದಿನ, ಸಂಜಿ 6

ಬಂದಿದ್ದ. ಕರಗಿದ ಪಿಸ್ಟನ್ ಕೈಗೆ ಕೊಟ್ಟು, "ಇದು ನಿಮ್ಮ ಪಂಪಿನ ಕೆಲಸ, ನಂದಲ್ಲ" ಅಂದೆ. ಡ್ರೈವರ್‌ಗಳು ನಿಂತಿದ್ರು. ಒಬ್ಬ ನಕ್ಕ. ಅಷ್ಟ.

"ಏಂಟ್ರಾ, ನನಗ ಪಾಠ ಹೇಳ್ತಿಯೇನಲೇ?"

ಭೀಮಲಿಂಗಪ್ಪ ಜಾಕ್ ರಾಡು ತಗೊಂಡ. ನನ್ನ ಎಡಗೈ ಬೆಂಚಿನ ಮ್ಯಾಲಿತ್ತು. ಎರಡು ಏಟು. ಮೊದಲನೇದಕ್ಕ ಕಿರುಬೆರಳು, ಎರಡನೇದಕ್ಕ ಅದರ ಬಾಜೂದು. ಎಲಬು ಮುರದ ಸಪ್ಪಳ ನನಗ ಕೇಳಿಸ್ತು. ಯಾವ ನನ್ಮಗನೂ ಬಿಡಸಾಕ ಬರ್ಲಿಲ್ಲ.

ಹೋಗುವಾಗ ಏನಂದ ಗೊತ್ತೇನು? "ಎಂಜಿನ್ ನೀನ ಕಟ್ಟಬೇಕು. ಇನ್ನೂರ ನಲವತ್ತು ಎಚ್‌ಪಿ ಬರಬೇಕು. ಗಟ್ಟಿ ಸಾಮಾನು ತರಿಸಿ ಕೊಡ್ತೀನಿ."

ಕಟ್ತೀನಿ ಮಗನ.

ಜನವರಿ 10

ಕೈಗೆ ಪಟ್ಟಿ. ಪ್ರತಿಮಾ, ಪೊಲೀಸ್ರಿಗೆ ಹೇಳ್ರಿ ಅಂತಾಳ. ಉಣ್ಣೋ ಗಂಗಾಳ ಗ್ವಾಡಿಗೆ ಒಗದೆ. ಆಕಿ ಬಿದ್ದ ಅನ್ನ ಬಳದ್ಲು. ಹೆಂಡ್ತಿ ಮ್ಯಾಲೆ ಗಂಡಸ್ತನ ತೋರಿಸಿದೆ, ನಾಚಿಗಿ ಆತು. ಸಿಟ್ಟು ಮಾತ್ರ ಇಳೀಲಿಲ್ಲ. ಯಾರ ಮುಂದ ಹೇಳ್ಲಿ? ಅಳತಿ ಬರಿಯೋ ಪಾಕೆಟ್ ಬುಕ್ಕಿನ ಹಿಂದಿನ ಹಾಳ್ಯಾಗ ಬರೀತೀನಿ.

ಜನವರಿ 19, ಶುಕ್ರವಾರ

ಸಾಮಾನು ಬಂತು. ಬಡದು ಮಾಡಿದ ಪಿಸ್ಟನ್, ಅದನ್ನ ಹಿಡಿಯೋ ದಪ್ಪ ರಾಡು, ಹೊಸ ಬೋಲ್ಟು. ನೋಡಿದ್ರ ಕೈ ತುರಸ್ತೈತಿ, ಸುಳ್ಳ್ಯಾಕ ಹೇಳ್ಲಿ.

ಒಂದ ಕೈಲೆ ಆಗಂಗಿಲ್ಲಂತ ಸಿದ್ದಬಸಪ್ಪಜ್ಜಾರು ಬಂದ್ರು. ನನಗ ಪಾನಾ ಹಿಡಿಯಾಕ ಕಲಿಸಿದವ್ರು. ಎಪ್ಪತ್ತು ದಾಟೈತಿ. ಬಂಗಾರದ ಅಂಗಡಿ ತಕ್ಕಡಿ ಬೇಡಿ ತಂದು ಆರೂ ರಾಡು ತೂಗಿದ್ವಿ. ಹೆಚ್ಚಿದ್ದದ್ದನ್ನ ತಿಕ್ಕಿ ತಿಕ್ಕಿ ಒಂದ ತೂಕಕ್ಕ ತಂದ್ವಿ.

"ಏ ಹಾಲ್ಯಾ, ರಾಡಿನ ಬೋಲ್ಟು ಒಮ್ಮೆ ಜಗ್ಗಿತಂದ್ರ ಮುಗೀತು. ಮತ್ತ ಹಾಕಬ್ಯಾಡ" ಅಂದ್ರು. ಇಪ್ಪತ್ತು ವರ್ಷದಿಂದ ಇದ ಮಾತು.

ಜನವರಿ 20. ಮಧ್ಯಾಹ್ನ 3

ಮಾಡಿಬಿಟ್ಟೆ.

ಅಜ್ಜಾರು ಊಟಕ್ಕ ಹೋಗಿದ್ರು. ನಾಕನೇ ರಾಡಿನ ಹೊಸ ಬೋಲ್ಟು ಬಿಚ್ಚಿ ಹಳೇವು ಹಾಕ್ದೆ. ಅಳದು ನೋಡೇ ಹಾಕ್ದೆ — ಅರ್ಧ ಮಿಲ್ಲಿ ಜಗ್ಗ್ಯಾವು, ನಡು ಸೊರಗ್ಯಾವು. ಖಾಲಿ ಓಡಿದ್ರ ಏನೂ ಆಗಂಗಿಲ್ಲ. ಲೋಡು ಹೇರಿ ಏರಿನ್ಯಾಗ ಒತ್ತಿದ್ರ ಹರೀತಾವು. ರಾಡು ಬ್ಲಾಕ್ ಒಡಕೊಂಡು ಹೊರಗ, ಕಾದೆಣ್ಣಿ ಕ್ಯಾಬಿನ್ ಒಳಗ. ಹಿಂದೊಮ್ಮೆ ಬ್ಯಾರೆ ಲಾರಿ ಡ್ರೈವರ್ ಶ್ರೀನುನ ಮಕ ಹಂಗ ಬೆಂದಿತ್ತು. ಕಣ್ಣಿನ ರೆಪ್ಪಿ ಇಲ್ಲ ಅವಗ. ಮೊದಲ ಲೋಡು ಭೀಮಲಿಂಗಪ್ಪ ತಾನ ಓಡಿಸ್ತಾನಂತ. ಬೇಯ್ಲಿ.

ನಮ್ಮ ಮೇಸ್ತ್ರಿಗಳ ಪದ್ಧತಿ ಒಂದೈತಿ. ಎಂಜಿನ್ ಕಟ್ಟಿದಾತ ಮೊದಲ ಲೋಡಿಗೆ ಡ್ರೈವರ್ ಬಾಜೂಕ, ಕ್ಯಾಬಿನ್ ಒಳಗಿನ ಎಂಜಿನ್ ಬಾನೆಟ್ ಮ್ಯಾಲೆ ಕುಂದರಬೇಕು. ಅಂಗೈ ಊರಿ, ಏರು ಮುಗಿಯೋತನ. ನಮ್ಮ ಗ್ಯಾರಂಟಿ ಕಾರ್ಡು ಅದ. ನನ್ನ ಕೈ ಮುರದೈತಿ, ಯಾರೂ ಕುಂದರು ಅನ್ನಂಗಿಲ್ಲ. ಅದೂ ಅವನ ಮಾಡಿದ ಪುಣ್ಯ.

ಜನವರಿ 23

ಸ್ಟಾರ್ಟ್ ಮಾಡಿದ್ವಿ. ಸೆಲ್ಫ್ ಒಮ್ಮೆ ಹೊಡದದ್ದಕ್ಕ ಎದ್ದಿತು. ಏನ್ ಸೌಂಡು! ಭೀಮಲಿಂಗಪ್ಪ ನನ್ನ ಬಾಯಾಗ ಪೇಡೆ ಇಟ್ಟ. ನುಂಗಿದೆ. ನಾಳೆ ಲೋಡು.

ಜನವರಿ 24, ಬುಧವಾರ. ಬೆಳಿಗ್ಗೆ 9:30

ಜ್ವರ ಅಂತ ಮನ್ಯಾಗ ಉಳದೆ. ಜಳಕ ಮಾಡಿ ಬಂದೆ.

ಪ್ರತಿಮಾ ಅಂತಾಳ, "ಅಜ್ಜಾರು ಬಂದು ಹೋದ್ರು. 'ಅವಗ ಹೇಳಮ್ಮ, ಶಿಷ್ಯನ ಕೈ ನೆಟ್ಟಗಿಲ್ಲಂದ್ರ ಗುರು ಕುಂದರಬೇಕು, ಲೋಡಿನ ಜೋಡಿ ನಾ ಹೊಂಟೀನಿ' ಅಂದ್ರು."

ಅಯ್ಯೋ ಶಿವನ. ಪದ್ಧತಿ ಅರ್ಧ ನೆನಸಿದೆ, ಅರ್ಧ ಮರತೆ. ಅಜ್ಜಾರು ಫೋನ್ ಎತ್ತವಲ್ರು. ಆ ಸಪ್ಪಳದಾಗ ಹೆಂಗ ಕೇಳಬೇಕು. ಭೀಮಲಿಂಗಪ್ಪನೂ ಎತ್ತವಲ್ಲ. ಬೈಕ್ ಚಾವಿ ಎಲ್ಲಿ —

ಹೊತ್ತು ಗೊತ್ತಿಲ್ಲ. ಫೋನ್ ಒಡದೈತಿ

ಏರಿನ ಬುಡಕ, ರೈಲ್ವೆ ಗೇಟಿನ್ಯಾಗ ಸಿಕ್ರು. ಲಾರಿ ಮುಂದ ಬೈಕ್ ಕೆಡವಿದೆ. ಎಲ್ಲಾ ಹೇಳಿದೆ. ನಾಕನೇ ರಾಡು, ಹಳೇ ಬೋಲ್ಟು, ನಾನ ಹಾಕಿದ್ದು.

ಭೀಮಲಿಂಗಪ್ಪ ನಂಬಲಿಲ್ಲ. "ನಾ ಮುಂದ ಹೋಗೋದಕ್ಕ ಹೊಟ್ಟಿ ಉರೀತೇನಲೇ?" ಅದ ಜಾಕ್ ರಾಡು. ಮೊಣಕಾಲಿಗೆ. ಬಾಯಿಗೆ. ಎರಡು ಹಲ್ಲು ಅಂಗೈಯಾಗ ಉಗುಳಿದೆ.

ಅಜ್ಜಾರು ಇಳದ್ರು. "ಖರೇನೇನಲೇ?"

"ಖರೇ ರೀ ಅಜ್ಜಾರ."

ಕಪಾಳಕ್ಕ ಕೊಟ್ರು. ಕಣ್ಣಾಗ ನೀರಿತ್ತು ಅವರಿಗೆ. "ಸಾವ್ಕಾರ, ಗಾಡಿ ತಿರುಗಿಸ್ರಿ. ಈ ಹುಡುಗ ಎಂಜಿನ್ ವಿಷಯದಾಗ ಸುಳ್ಳು ಹೇಳಂಗಿಲ್ಲ."

"ಗುರು ಶಿಷ್ಯ ಕೂಡಿ ನಾಟಕ ಹೂಡೀರೇನು?" ಗೇಟ್ ಎದ್ದಿತ್ತು. ಅವ ಬೈಕ್ ಬಾಜೂಕ ಎಳದು ಒಗದು ಸ್ಟೇರಿಂಗಿಗೆ ಹತ್ತಿದ. ಅಜ್ಜಾರೂ ಹತ್ತಾಕ ಹೋದ್ರು. ಕಾಲು ಹಿಡ್ಕೊಂಡೆ. ಬ್ಯಾಡ್ರೀ, ನಿಮ್ಮ ಪಾದಕ್ಕ ಬೀಳ್ತೀನಿ.

"ಬಿಡಲೇ! ನಾ ಇಲ್ಲಂದ್ರ ಇವ ಪೂರಾ ಒತ್ತತಾನ. ನಾ ಕುಂತ್ರ ಅಂಗೈಗೆ ಮೊದಲ ಗೊತ್ತಾಗ್ತೈತಿ. ಚಾವಿ ಕಿತ್ತು ಬಂದ್ ಮಾಡ್ತೀನಿ." ಎದಿಗೆ ಒದ್ದು ಬಿಡಿಸ್ಕೊಂಡ್ರು.

ಕಾಲು ಊರಾಕ ಬರವಲ್ದು. ಗೇಟಿನಾತ ಯಾರಿಗೋ ಫೋನ್ ಹಚ್ಚಾಕತ್ಯಾನ. ಬರೀತಿರೋತನ ಏನೂ ಆಗಂಗಿಲ್ಲ ಅನ್ನಂಗ ಬರ್ಯಾಕತ್ತೀನಿ. ಹಾಳಿ ತುಂಬ ರಕ್ತ.

ಮೂರನೇ ಗೇರ್. ಏರು ಶುರುವಾತು. ಎಂಥಾ ಸೌಂಡು... ನಾನ ಕಟ್ಟಿದ್ದು. ಎರಡಕ್ಕ ಇಳಿಸಿದ. ಒತ್ತಾಕತ್ಯಾನ. ಅಜ್ಜಾ, ಚಾವಿ ಕೀಳು. ಕೀಳೋ ಅಜ್ಜಾ. ಇನ್ನಾ ಕೇಳಸ್ತೈತಿ. ಇನ್ನಾ ಕೇಳಸ್ತೈತಿ. ಇನ್ನಾ